ಕೆರೆಯಂಗಳದ ಅಡ್ಡದಾರಿ

ಎಂಬತ್ತರ ದಶಕದ ಮೊದಲ ವರ್ಷಗಳು. ಕೋಣನಕುಂಟೆಯ ಆಚೆಗಿನ ಒಂದು ಹಳ್ಳಿಯ ಕೆರೆಗೆ ಮಣ್ಣು ಸುರಿದು ಸೈಟು ಮಾಡಿದ್ದರು. ಅಲ್ಲಿ ಮೊದಲು ಎದ್ದ ಮೂರ್ನಾಲ್ಕು ಮನೆಗಳಲ್ಲಿ ನಮ್ಮದೊಂದು. ಕನಕಪುರ ರಸ್ತೆಗೆ ಎರಡು ದಾರಿ: ಹಳೆಯ ಏರಿಯ ಮೇಲೆ ಸುತ್ತಿ ಹೋಗಬೇಕು, ಇಲ್ಲವೇ ಕೆರೆಯಂಗಳಕ್ಕೆ ಅಡ್ಡ ಹಾಯಬೇಕು. ಅಡ್ಡದಾರಿ ಅರ್ಧಕ್ಕಿಂತ ಕಡಿಮೆ.

ಬಾಣಂತನಕ್ಕೆ ಬಂದಿದ್ದ ಅಕ್ಕನಿಗೆ ಒಂದು ಬೆಳಿಗ್ಗೆ ನೋವು ಶುರುವಾಯಿತು. ಹೆರಿಗೆಗೆ ಇನ್ನೂ ಮೂರು ವಾರವಿತ್ತು. ಎರಡು ದಿನ ಮಳೆ ಹೊಯ್ದು ಆಟೋ ಒಳಗೆ ಬರುವಂತಿರಲಿಲ್ಲ. ಆಟೋ ಹಿಡಿದು ನಿಲ್ಲಿಸಲು ಅಮ್ಮ ಮುಂದೆ ಓಡಿದಳು. "ಏರಿ ಮೇಲೇ ಕರ್ಕೊಂಡ್ ಬಾ" ಎಂದಳು. ಆಗ ಅದು ನನಗೆ ಕೇಳಿಸಿತ್ತೋ, ಆಮೇಲೆ ಸೇರಿಸಿಕೊಂಡೆನೋ, ಖಚಿತವಿಲ್ಲ.

ನಾನು ಭೂವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿ. ಲೇಔಟಿನ ನಕ್ಷೆಯಲ್ಲಿ ಅಂಗಳದ ನಡುವೆ ನಲವತ್ತಡಿ ರಸ್ತೆ ಇತ್ತು, ಗುರುತಿನ ಕಲ್ಲುಗಳನ್ನೂ ನೆಟ್ಟಿದ್ದರು. ಅಕ್ಕ ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಅವಳ ಕೈ ಹಿಡಿದು ಕಲ್ಲುಗಳ ಸಾಲಿಗೆ ಇಳಿದೆ.

ಏರಿಯ ಮೇಲೆ ಹಳ್ಳಿಯ ನೀರುಗಂಟಿ ನಿಂತಿದ್ದ. ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವುದು ಅವನ ಮನೆತನದ ಕೆಲಸ. ಕೆರೆ ಹೋದ ಮೇಲೂ, ಮಳೆ ಬಂದ ಮರುದಿನ ಗುದ್ದಲಿ ಹೊತ್ತು ಒಂದು ಸುತ್ತು ಬರುತ್ತಿದ್ದ.

"ಸ್ವಾಮಿ, ಅಲ್ಲೋಗ್ಬೇಡಿ. ಮೇಲಿನ ಕೆರೆ ಕಾಲ್ವೆ ಬಾಯಿ ಅದು."

"ರೋಡು ಇದು. ಕಲ್ಲು ಕಾಣ್ಸಲ್ವಾ?"

"ಕಲ್ಲು ಮೊನ್ನೆ ನೆಟ್ಟಿದ್ದು. ನೀರು ಹಳೇ ದಾರೀಲೇ ಬತ್ತೈತೆ."

"ಅವ್ರ ಮಾತು ಕೇಳೋ" ಎಂದಳು ಅಕ್ಕ.

"ಇನ್ನೇನು, ಬಂದೇ ಬಿಡ್ತು" ಎಂದೆ.

ನಾಲ್ಕು ಹೆಜ್ಜೆಗೆ ಮೇಲ್ಪದರ ಒಡೆದು ನನ್ನ ಎಡಗಾಲು ತೊಡೆಯವರೆಗೆ ಇಳಿಯಿತು. ಕೆಳಗೆ ನೀರು ಹರಿಯುತ್ತಿತ್ತು, ತಣ್ಣಗೆ. ತಿರುಗಿ ನೋಡಿದಾಗ ಅಕ್ಕನ ಕೈ ನನ್ನ ಕೈಯಲ್ಲಿರಲಿಲ್ಲ. ಒಂದು ಮಾರು ಹಿಂದೆ, ಹೊಟ್ಟೆ ಹಿಡಿದು ನಿಂತಿದ್ದಳು.

"ಕದಲ್ಬೇಡ ತಾಯಿ" ಎನ್ನುತ್ತ ನೀರುಗಂಟಿ ಇಳಿದು ಬಂದ. ನೇರವಾಗಿ ಬರಲಿಲ್ಲ. ಜೊಂಡು ಬೆಳೆದ ಜಾಗ ಬಿಟ್ಟು, ಗರಿಕೆ ಹಿಡಿದ ಕಡೆ ಮಾತ್ರ ಕಾಲಿಡುತ್ತ, ಸುತ್ತಿ ಸುತ್ತಿ ಬಂದ. ತನ್ನ ಹೆಜ್ಜೆಯ ಮೇಲೇ ಹೆಜ್ಜೆ ಇಡಿಸಿ ಅವಳನ್ನು ಏರಿಗೆ ಕರೆದೊಯ್ದ. ನನ್ನತ್ತ ನೋಡಿ, "ನೀವು ಓದಿದೋರು. ನಾ ಬರೋಗಂಟ ಕಲ್ಲು ಎಣಿಸ್ತಾ ಇರಿ" ಎಂದ.

ಕೆಸರಿನಲ್ಲಿ ನಿಂತು ನೋಡಿದೆ. ಏರಿಯ ಮೇಲೆ ಅಕ್ಕ ಎರಡು ಸಲ ಕುಸಿದು ಕುಳಿತಳು. ಎರಡನೆಯ ಸಲ ಬಹಳ ಹೊತ್ತು ಏಳಲಿಲ್ಲ. ಆಮೇಲೆ ಆಟೋದ ಸದ್ದು. ನೀರುಗಂಟಿ ಹಿಂತಿರುಗಿ ಬಂದು, ಗುದ್ದಲಿಯ ಕಾವು ಚಾಚಿ ನನ್ನನ್ನು ಮೇಲಕ್ಕೆಳೆದ.

ಮಧ್ಯಾಹ್ನದೊಳಗೆ ಹೆಣ್ಣು ಮಗುವಾಯಿತು. ಇಬ್ಬರೂ ಚೆನ್ನಾಗಿದ್ದರು.

ಅಕ್ಕ ಮಗಳಿಗೆ ಈ ಕಥೆ ಹೇಳುವಾಗ, "ನಿಮ್ ಮಾಮ ತಾನು ಹೂತ್ಕೊಂಡ್ರೂ ನನ್ನ ಹಿಂದಕ್ಕೆ ತಳ್ಳಿದ" ಎನ್ನುತ್ತಾಳೆ. ನನಗೆ ನೆನಪಿರುವುದು ಬೇರೆ. ಮೇಲೇಳಲು ನಾನು ಅವಳ ಕೈಯನ್ನು ಜಗ್ಗಿದೆ, ಅವಳೇ ಕಿತ್ತುಕೊಂಡಳು. ಈ ನೆನಪೂ ಸುಳ್ಳಿರಬಹುದು. ಅವಳು ಹೇಳುವಾಗ ನಾನು ಎದುರಿಗೇ ಕುಳಿತಿರುತ್ತೇನೆ. ಇದುವರೆಗೆ ತಿದ್ದಿಲ್ಲ.