ಅಗಸನ ಕತ್ತಿ

ಹೋದ ವರ್ಷ ನಮ್ಮ ಮನೆಯವರಿಗೆ ಸಣ್ಣದೊಂದು ಪಾರ್ಶ್ವವಾಯು ಆಯಿತು. ಕೈಕಾಲು ಬೇಗ ಸುಧಾರಿಸಿದವು, ಮಾತು ಮಾತ್ರ ತೊದಲುತ್ತ ಉಳಿಯಿತು. ಧಾರವಾಡದಿಂದ ಇಲ್ಲಿಗೆ ಬಂದು ಚಿಂಚವಾಡದ ಕಾರ್ಖಾನೆಯಲ್ಲಿ ಮಷಿನುಗಳ ಸದ್ದಿನ ಮೇಲೆ ದನಿ ಎತ್ತಿ ದುಡಿದ ಮನುಷ್ಯ, ಯಾರಾದರೂ ಮನೆಗೆ ಬಂದರೆ ಎದ್ದು ಒಳಕೋಣೆಗೆ ಹೋಗಿಬಿಡುತ್ತಿದ್ದರು.

ನನಗೆ ಅವರ ಅರ್ಧ ಮಾತೇ ಸಾಕಾಗುತ್ತಿತ್ತು. ತುಟಿ ಅಲುಗಿದರೆ ಚಹಾ ಬೇಕೋ ನೀರು ಬೇಕೋ ತಿಳಿಯುತ್ತಿತ್ತು. ಮಾತಿನ ವ್ಯಾಯಾಮ ಕಲಿಸುವ ಡಾಕ್ಟರಮ್ಮನಿಗೆ ಅದೇ ಸೇರಲಿಲ್ಲ. ನೀವು ಹೀಗೆ ತಿಳಿದುಕೊಳ್ಳುತ್ತ ಹೋದರೆ ಅವರು ಬಾಯಿ ಬಿಡುವುದೇ ಇಲ್ಲ ಎಂದು ಮರಾಠಿಯಲ್ಲಿ ನನ್ನನ್ನೇ ಗದರಿಸಿದರು.

ಮಗಳು ಅಪ್ಪನ ಫೋನಿಗೆ ಒಂದು ಎಐ ಆ್ಯಪ್ ಹಾಕಿಕೊಟ್ಟಳು. ಮಾತಾಡಿದ್ದನ್ನು ಅದು ಕನ್ನಡದಲ್ಲಿ ಬರೆಯುತ್ತದೆ, ಕೇಳಿದರೆ ಚಿತ್ರವನ್ನೂ ಮಾಡಿಕೊಡುತ್ತದೆ.

"ಅಪ್ಪಾ, ನೀವು ನಮ್ಮ ಕೂಸಿಗೆ ಹೇಳ್ತಿದ್ರಲ್ಲ, ಆ ಅಗಸನ ಕಥಿ ಇದಕ್ಕ ಹೇಳ್ರಿ. ಆಕಿಗೊಂದು ಪುಸ್ತಕ ಮಾಡೋಣು."

ಮೊದಮೊದಲು ಅದು ಬರೆದದ್ದೆಲ್ಲ ಅಧ್ವಾನ. 'ಒಂದೂರಾಗ' ಎಂದರೆ 'ಒಂದು ರಾಗ' ಎಂದು ಬರೆಯಿತು. ಇವರು ಸಿಟ್ಟಿನಿಂದ ಫೋನನ್ನು ದಿಂಬಿನ ಮೇಲೆ ಎಸೆದರು. ನಾನು ಹೇಳಿಕೊಡಲು ಹೋದರೆ ಕೈ ಅಡ್ಡ ಹಿಡಿದರು. "ಬ್ಯಾಡ. ನಾನ."

ಅಂದಿನಿಂದ ಅವರು ಕಥೆ ಹೇಳಲು ಕೂತಾಗ ನಾನು ಬಾಲ್ಕನಿಗೆ ಹೋಗಿ ಮೆಂತ್ಯಪಲ್ಲೆಯ ಎಲೆ ಬಿಡಿಸುತ್ತ ಕೂರತೊಡಗಿದೆ. ಒಂದೇ ಶಬ್ದವನ್ನು ಮತ್ತೆ ಮತ್ತೆ ಹೇಳುವುದು ಕೇಳುತ್ತಿತ್ತು. ಎದ್ದು ಹೋಗಿ ನಾನೇ ಹೇಳಿಬಿಡಲೇ ಅನಿಸುತ್ತಿತ್ತು. ಆದರೆ ಆ ಫೋನಿಗೆ ಬೇಸರವಿರಲಿಲ್ಲ, ಮರುಕವೂ ಇರಲಿಲ್ಲ. ಅದರ ಮುಂದೆ ಅವರಿಗೆ ನಾಚಿಕೆಯಾಗುತ್ತಿರಲಿಲ್ಲ. ದಿನ ಹೋದಂತೆ ಸಾಲುಗಳು ಸರಿಯಾಗಿ ಮೂಡತೊಡಗಿದವು.

ಒಂದು ಮುಂಜಾನೆ ಒಳಗಿನಿಂದ ವಿಚಿತ್ರ ಸದ್ದು ಬಂತು. ಗಾಬರಿಯಾಗಿ ಓಡಿದೆ. ಇವರು ನಗುತ್ತಿದ್ದರು! ಕಾಯಿಲೆ ಬಂದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಫೋನಿನಲ್ಲಿ ಒಂದು ಚಿತ್ರ. ಹೊಳೆಯ ನಡುವೆ ಅಗಸ ನಿಂತಿದ್ದಾನೆ, ಹೆಗಲ ಮೇಲೆ ಥಳಥಳ ಹೊಳೆಯುವ ದೊಡ್ಡ ಖಡ್ಗ, ಅದರ ತುದಿಗೆ ಬಟ್ಟೆಯ ಗಂಟು.

"ಏನ್ ಹೇಳಿದ್ರಿ ಇದಕ್ಕ?"

ಅವರು ಮೇಲಿನ ಸಾಲು ತೋರಿಸಿದರು. 'ಅಗಸನ ಕತ್ತಿ ಬಟ್ಟಿ ಹೊತ್ತಿತ್ತು.' ಒಂದಕ್ಷರವೂ ತಪ್ಪಿರಲಿಲ್ಲ. ನಮ್ಮ ಧಾರವಾಡದ ಕಡೆ ಕತ್ತೆಗೆ ಕತ್ತಿ ಅನ್ನುತ್ತೇವೆ, ಪಾಪ, ಅದಕ್ಕೇನು ಗೊತ್ತು!

"ನಾ ಅಂದಿದ್ದು ಬರೋಬ್ಬರಿ ಅದ," ಎಂದರು ಇವರು, ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ. "ಅದಕ್ಕ ನಮ್ಮ ಕನ್ನಡ ತಿಳಿಯಂಗಿಲ್ಲ." ನಗು ನಿಂತರೂ ಕಣ್ಣಲ್ಲಿ ನೀರು ಹಾಗೇ ಇತ್ತು. ನಾನು ಸೆರಗಿನಿಂದ ಒರೆಸಿದೆ.

'ಕತ್ತೆ' ಎಂದು ತಿದ್ದಿ ಹೇಳಿದ ಮೇಲೆ ಕಡೆಗೆ ಚಿತ್ರದಲ್ಲಿ ಕತ್ತೆ ಬಂತು. ಮಗಳು ಎಲ್ಲ ಹಾಳೆಗಳನ್ನೂ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಪುಸ್ತಕ ಹೊಲಿದಳು. ಮೊಮ್ಮಗಳು ಖಡ್ಗದ ಚಿತ್ರವೂ ಇರಲೇಬೇಕೆಂದು ಹಟ ಹಿಡಿದು ಅದನ್ನೂ ಸೇರಿಸಿಕೊಂಡಳು.

ಮುಂದಿನ ವಾರ ಧಾರವಾಡದಿಂದ ಇವರ ಅಕ್ಕ ಫೋನ್ ಮಾಡಿದರು. ನಾನು ತೆಗೆದುಕೊಳ್ಳುವ ಮೊದಲೇ ಇವರು ಕೈ ಚಾಚಿದರು. "ಅಕ್ಕಾ, ಆರಾಮ್ ಇದ್ದೀ?" ಎಂದರು. ಆ ಕಡೆಯಿಂದ ಅಕ್ಕ ತಡೆಯಿಲ್ಲದೆ ಶುರುಮಾಡಿದರು: ಮೊಣಕಾಲು ನೋವು, ನಳದ ನೀರು, ಕೆಲಸದಾಕೆ ಬಿಟ್ಟುಹೋದದ್ದು. ತಮ್ಮನ ಮಾತಿನಲ್ಲಿ ತೊಡಕು ಅನಿಸಲೇ ಇಲ್ಲವೇನೋ, ಅದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇವರು ಸೋಫಾಕ್ಕೆ ಒರಗಿ, ಕಾಲು ಚಾಚಿ, "ಹೌದೇನ? ಮುಂದ?" ಎನ್ನುತ್ತ ಕೇಳುತ್ತಿದ್ದರು.