ಎರಡು ಸಲ ನೋಡಿದ ರಕ್ತ

ಅಕ್ಕ ತೀರಿಕೊಂಡು ಎಂಟು ತಿಂಗಳಾದ ಮೇಲೆ ಒಂದು ದಿನ ನಾನು ಲ್ಯಾಬಿನ ಯಂತ್ರದಲ್ಲಿ ಹಳೆಯ ಫಲಿತಾಂಶಗಳ ಪಟ್ಟಿ ತೆರೆದೆ. ಅಲ್ಲಿಯವರೆಗೆ ನನಗೊಂದು ಗಟ್ಟಿ ನೆನಪಿತ್ತು. ಅವಳ ರಕ್ತದ ಫಲಿತಾಂಶ ಕಂಡ ಕೂಡಲೇ ನಾನು ಅವಳ ಗಂಡನಿಗೆ, ಅಂದರೆ ಮಾವನಿಗೆ, ಫೋನ್ ಮಾಡಿದ್ದೆ. ಇದನ್ನು ಎಷ್ಟೋ ಮಂದಿಗೆ ಹೇಳಿದ್ದೆ. ಹೇಳುವಾಗೆಲ್ಲ ನಾನು ಗಡಬಡಿಸಿ ಎದ್ದದ್ದು, ಕುರ್ಚಿ ಹಿಂದೆ ಸರಿದು ಗೋಡೆಗೆ ಬಡಿದದ್ದು ಕಣ್ಣಿಗೆ ಕಟ್ಟುತ್ತಿತ್ತು.

ನಾನು ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಓದಿದವನು. ಗಜೇಂದ್ರಗಡದ ಬಸ್ ನಿಲ್ದಾಣದ ಹತ್ತಿರ ಸಣ್ಣದೊಂದು ರಕ್ತಪರೀಕ್ಷೆಯ ಲ್ಯಾಬ್ ಇಟ್ಟುಕೊಂಡಿದ್ದೇನೆ. ಅಕ್ಕ ಮತ್ತು ಮಾವ ಎರಡು ಓಣಿ ಆಚೆ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಆ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಅವಳು ನಡೆದುಕೊಂಡೇ ಲ್ಯಾಬಿಗೆ ಬಂದಳು.

"ಎರಡು ದಿನಾತು, ಥಂಡಿ ಹತ್ತಿ ನಡುಗಿ ಬರ್ತೈತಿ ತಮ್ಮಾ. ಈಗಿಲ್ಲ. ಗುಳಿಗಿ ನುಂಗೀನಿ" ಎಂದಳು.

"ಡಾಕ್ಟರಿಗೆ ತೋರಿಸೀದೇನು?"

"ನೀ ಅದಿಯಲ್ಲ. ಅಷ್ಟ್ ವರ್ಷ ಸಾಲಿ ಕಲ್ತು ಮಂದಿ ರಕ್ತ ಹೀರಕೋಂತ ಕುಂತೀದಿ. ನಂದೂ ಒಂದೀಟು ಹೀರು."

"ಕೈ ಚಾಚು, ಹೀರತೀನಿ."

"ಲಗೂ ಮಾಡು ಮತ್ತ. ಇವತ್ತು ಸೆರಗು ಕೂಡಸಬೇಕು."

ನಮ್ಮ ಕಡೆಯ ಸೀರೆಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ. ಶುರು ಮಾಡಿದರೆ ನಡುವೆ ಏಳುವುದಿಲ್ಲ. ಅಕ್ಕ ಬಲಗೈ ಕೊಟ್ಟಳು. ಎಡಗೈ ಸೆರಗಿನೊಳಗಿತ್ತು.

ಆ ಎಡಗೈಯ ತೋರುಬೆರಳನ್ನು ನಾನು ನೋಡಿದೆನೇ? ನೋಡಿದೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನೇಯುವವರ ಬೆರಳಿಗೆ ನೂಲು ಕೊಯ್ಯುವ ಬ್ಲೇಡು ತಾಗುವುದು ದಿನದ ಮಾತು. ಆಗ ಅವರು ಹುಡುಕುವುದು ಔಷಧಿಯನ್ನಲ್ಲ. ನೂಲಿನ ತುಣುಕು ಸುತ್ತಿ, ಅದರ ಮೇಲೆ ನೂಲಿಗೆ ಹಾಕುವ ಗಂಜಿಯನ್ನೇ ದಪ್ಪಗೆ ಬಳಿದುಬಿಡುತ್ತಾರೆ. ಒಣಗಿದರೆ ಚಿಪ್ಪಿನಂತೆ ಗಟ್ಟಿಯಾಗಿ ಕೂಡುತ್ತದೆ, ರೇಷ್ಮೆಗೆ ರಕ್ತ ಹತ್ತುವುದಿಲ್ಲ. ನಮ್ಮವ್ವನ ಕೈಯಲ್ಲೂ ಇಂಥ ಬೆರಳು ಯಾವಾಗಲೂ ಒಂದಿರುತ್ತಿತ್ತು. ಹೊರಗಿನವನಾಗಿದ್ದರೆ "ಇದೇನು?" ಎಂದು ಕೇಳಿರುತ್ತಿದ್ದೆ. ನೋಡಿದ್ದರೂ ನನಗದು ಕಂಡಿರಲಿಕ್ಕಿಲ್ಲ. ಅಥವಾ ಈಗ ನಾನೇ ಆ ಬೆರಳನ್ನು ಆ ಬೆಳಗಿನೊಳಗೆ ತಂದು ಇಡುತ್ತಿರಬಹುದು.

ದೇಹದಲ್ಲಿ ಎಲ್ಲಾದರೂ ಉರಿಯೂತ ಎದ್ದರೆ ಯಕೃತ್ತು ರಕ್ತಕ್ಕೆ ಒಂದು ಪ್ರೋಟೀನನ್ನು ಬಿಡುತ್ತದೆ. ಸಿಆರ್‌ಪಿ ಎಂದು ಅದರ ಹೆಸರು. ಎಲ್ಲಿ ಉರಿ, ಯಾಕೆ ಉರಿ ಎಂದು ಅದು ಹೇಳುವುದಿಲ್ಲ. ಉರಿ ಇದೆ ಎಂದಷ್ಟೇ ಹೇಳುತ್ತದೆ. ಒಂದಂಕಿಯಲ್ಲಿರಬೇಕಾದದ್ದು ಅಕ್ಕನ ರಕ್ತದಲ್ಲಿ ಇನ್ನೂರು ದಾಟಿತ್ತು. ಬಿಳಿ ರಕ್ತಕಣಗಳು ಮಾತ್ರ ತುಸುವೇ ಏರಿದ್ದವು. ಜ್ವರವಿರಲಿಲ್ಲ, ನಗುತ್ತ ಬಂದು ನಗುತ್ತ ಹೋಗಿದ್ದಳು. ಗುಳಿಗೆ ಜ್ವರವನ್ನು ಇಳಿಸಿಟ್ಟಿರಬಹುದು ಎಂಬುದು ನನಗೆ ತಿಳಿಯದ್ದಲ್ಲ. ಬಿಳಿ ಕಣಗಳು ಏರದೆಯೂ ಸೋಂಕು ರಕ್ತಕ್ಕೆ ಇಳಿದಿರಬಹುದು ಎಂದೂ ಪರೀಕ್ಷೆಯಲ್ಲಿ ಬರೆದು ಪಾಸಾದವನೇ ನಾನು.

ಈಗ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಎರಡು ಸಾಲುಗಳಿದ್ದವು. ಮೊದಲನೆಯದು ಹತ್ತು ಐವತ್ತಕ್ಕೆ, ಎರಡನೆಯದು ಒಂದು ಇಪ್ಪತ್ತಕ್ಕೆ. ಮೊಬೈಲಿನಲ್ಲಿ ಮಾವನ ಹಳೆಯ ಕರೆಗಳನ್ನು ಹುಡುಕಿದೆ. ಒಂದು ಇಪ್ಪತ್ತನಾಲ್ಕು.

ಆಗ ಒಂದೊಂದಾಗಿ ನೆನಪಾಯಿತು. ಆ ಬೆಳಿಗ್ಗೆಯೇ ಪರೀಕ್ಷೆಗೆ ಬಳಸುವ ದ್ರಾವಣದ ಹೊಸ ಬಾಟಲಿ ತೆರೆದಿದ್ದೆ. ಅಂಕಿ ಕಂಡಾಗ ನನಗೆ ಅನುಮಾನ ಬಂದದ್ದು ಅಕ್ಕನ ಮೇಲಲ್ಲ, ಬಾಟಲಿಯ ಮೇಲೆ. ಯಂತ್ರ ಸರಿಯಿದೆಯೇ ಎಂದು ನೋಡುವ, ಅಂಕಿ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರವವನ್ನು ಫ್ರಿಜ್ಜಿನಿಂದ ತೆಗೆದೆ. ಅದರ ತಂಪು ಆರಬೇಕು. ಆರುವಷ್ಟರಲ್ಲಿ ಕರೆಂಟು ಹೋಯಿತು. ಬಂದಾಗ ನಾಲ್ಕು ಜನ ಸಾಲಿನಲ್ಲಿದ್ದರು. ಅವರದು ಮುಗಿಸಿ ಕಂಟ್ರೋಲು ಓಡಿಸಿ, ಅದು ಸರಿ ಬಂದ ಮೇಲೆ ಅಕ್ಕನ ರಕ್ತವನ್ನು ಮತ್ತೊಮ್ಮೆ ಇಟ್ಟೆ. ಕಲಿತ ರೀತಿ ಅದೇ. ಒಂದು ಅಂಕಿಯನ್ನು ನಂಬಬಾರದು. ಕುರ್ಚಿ ಗೋಡೆಗೆ ಬಡಿದದ್ದು ಎರಡನೆಯ ಅಂಕಿಗೆ.

ಫೋನ್ ಮಾಡಿದ ಮೇಲೆ ಎಲ್ಲವೂ ಲಗುಬಗೆಯಿಂದ ನಡೆಯಿತು. ಮಾವನ ನೆರೆಮನೆಯ ನೂಲಿನ ವ್ಯಾಪಾರಿ ಚಾಚಾ ತಮ್ಮ ಟಂಟಂ ಆಟೋದಲ್ಲಿ ಅವಳನ್ನು ದವಾಖಾನೆಗೆ ಒಯ್ದರು. ಬಿಪಿ ಇಳಿದಿತ್ತು. ಅಲ್ಲಿಂದ ಆಂಬುಲೆನ್ಸಿನಲ್ಲಿ ಗದಗಿಗೆ. ಅಲ್ಲಿ ನರ್ಸು ಆ ಗಂಜಿಯ ಚಿಪ್ಪನ್ನು ಕತ್ತರಿಯಿಂದ ಒಡೆದಾಗ ಒಳಗೆ ಬೆರಳು ಕಪ್ಪಾಗಿತ್ತು. ಕೆಂಪು ಗೆರೆಯೊಂದು ಮೊಣಕೈ ದಾಟಿತ್ತು. ನಮ್ಮಲ್ಲಿ ಮಾಡಲಾಗದ ಪರೀಕ್ಷೆಗಳನ್ನು ಮಾಡಿದರು: ಪ್ರೊಕ್ಯಾಲ್ಸಿಟೋನಿನ್, ಲ್ಯಾಕ್ಟೇಟ್. ಎರಡೂ ಏರಿದ್ದವು. ಸೋಂಕಿನ ವಿರುದ್ಧ ಎದ್ದ ದೇಹ ಈಗ ತನ್ನ ಅಂಗಗಳ ಮೇಲೆಯೇ ತಿರುಗಿದೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಬೇಗ ಬಂದಷ್ಟೂ ಒಳ್ಳೆಯದಿತ್ತು ಎಂದರು. ಎಷ್ಟು ಬೇಗ ಎಂದು ನಾನು ಕೇಳಲಿಲ್ಲ. ಮೂರನೆಯ ದಿನ ಅಕ್ಕ ಹೋದಳು.

ಪಟ್ಟಿ ನೋಡಿದ ಮಧ್ಯಾಹ್ನವೇ ಮಾವನ ಮನೆಗೆ ಹೋದೆ. ಅವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು.

"ಮಾವಾ, ಅವತ್ತು ನಾ ಲಗೂ ಫೋನ್ ಮಾಡ್ಲಿಲ್ರಿ. ಎರಡೂವರಿ ತಾಸು ತಡಾ ಮಾಡೀನಿ."

"ಯಾಕ?"

"ಯಂತ್ರ ತಪ್ಪು ತೋರಸಾಕತ್ತೈತಿ ಅನಿಸ್ತು. ಮತ್ತೊಮ್ಮಿ ನೋಡಿದೆ."

"ಮತ್ತೊಮ್ಮಿ ಏನ್ ತೋರಿಸ್ತು?"

"ಅದನ್ನ."

ಮಾವ ಲಾಳಿಯನ್ನು ಕೈಗೆತ್ತಿಕೊಂಡರು. "ಹೋಗ್ಲಿ ಬಿಡು. ನೀ ಮದ್ಲ ಹೇಳಿದ್ರೂ ಆಕಿ ಏಳ್ತಿದ್ದಿಲ್ಲ. ಸೆರಗು ಕೂಡಸಾಕ ಕುಂತಿದ್ಲು. ನಡುವ ಎದ್ದು ಬರಾಕಿ ಏನು ಆಕಿ?"

ಆ ಮಾತು ಹಿಡಿದುಕೊಂಡು ಎದ್ದು ಬರಬಹುದಿತ್ತು. ಬರಲಾಗಲಿಲ್ಲ.

"ಫೋನಿನ್ಯಾಗ ನೀವು ಮಲಗ್ಯಾಳ ಅಂದಿದ್ರಿ" ಎಂದೆ.

"ಹಂಗಂದಿದ್ನೇನು?"

"ಹಂಗ ನನ್ನ ನೆನಪು."

"ಕೂಡ್ಲೇ ಫೋನ್ ಮಾಡಿದೆ ಅಂತನೂ ನಿನ್ನ ನೆನಪ ಇತ್ತಲ್ಲೋ" ಎಂದರು. ಚುಚ್ಚಿ ಹೇಳಿದ್ದಲ್ಲ. ಆಮೇಲೆ ಲಾಳಿ ಕೆಳಗಿಟ್ಟು ಕುಣಿಯಿಂದ ಕಾಲು ಮೇಲಕ್ಕೆ ತೆಗೆದುಕೊಂಡರು.

"ಮಲಗಿದ್ಲು. ಖರೇ. ಹನ್ನೊಂದಕ್ಕ ಸೆರಗು ಕೂಡಸೂದು ಬಿಟ್ಟು ಎದ್ದಬಿಟ್ಟಿದ್ಲು, ಕುಣಿಕಿ ಹಾಕಾಕ ಬೆರಳು ಬಗ್ಗವಲ್ದು ಅಂತ. ನಡಿ ದವಾಖಾನಿಗೆ ಹೋಗೂಣು ಅಂದೆ ನಾನು."

"ಏನಂದ್ಲು?"

ಮಾವ ನನ್ನ ಕಡೆ ನೋಡಲಿಲ್ಲ. "ತಡೀರಿ ಅಂದ್ಲು. ಏನರ ಇದ್ರ ತಮ್ಮ ಆಗಲೇ ಫೋನ್ ಮಾಡ್ತಿದ್ದ. ಮಾಡಿಲ್ಲಂದ್ರ ಏನಿಲ್ಲ, ಅಂದ್ಲು. ನಾನೂ ಹೌದನಕೊಂಡೆ."