ಆರು ಗಂಟೆಯ ಮೋಟಾರು

ನಾನು ಮೊದಲು ಗಮನಿಸಿದ್ದು ಗಡ್ಡವನ್ನು. ದಿನ ಬಿಟ್ಟು ದಿನ ತಪ್ಪದೆ ಗಡ್ಡ ತೆಗೆಯುತ್ತಿದ್ದ ನಮ್ಮ ಮನೆಯವರು ಹದಿನೈದು ದಿನ ಬ್ಲೇಡು ಮುಟ್ಟಲಿಲ್ಲ. ಸೋಮಾರಿತನ ಅಂದುಕೊಂಡೆ. ಆಮೇಲೆ ಟೀ ಅಂಗಡಿಗೆ ಹೋಗುವುದು ನಿಂತಿತು. ಊಟ ಅರ್ಧವಾಯಿತು. ಕೊನೆಗೆ ಗೋಡೆ ಕಡೆ ಮುಖ ಮಾಡಿ ಮಲಗಿದರೆ ಮಧ್ಯಾಹ್ನವಾದರೂ ಏಳದಾದರು.

ಬೇಗೂರಿನಲ್ಲಿ ಮೂವತ್ತು ವರ್ಷ ಸೊಪ್ಪು ಬೆಳೆದವರು ಇವರು. ಕೋಳಿ ಕೂಗುವ ಮೊದಲೇ ಎದ್ದು ಕೊತ್ತಂಬರಿ, ದಂಟು ಕಟ್ಟು ಕಟ್ಟಿ ಮಾರ್ಕೆಟ್ಟಿಗೆ ಒಯ್ಯುತ್ತಿದ್ದರು. ಈಗ ಅದೇ ಜಾಗದಲ್ಲಿ ನಮ್ಮದೇ ಕಟ್ಟಡ ಎದ್ದಿದೆ, ನಮ್ಮನ್ನು ಬಿಟ್ಟು ಹನ್ನೆರಡು ಸಂಸಾರ ಬಾಡಿಗೆಗಿವೆ. ಇವರಿಗೆ ಮಾಡಲು ಕೆಲಸವೇ ಉಳಿದಿರಲಿಲ್ಲ. ನೆಂಟರೆಲ್ಲ ಕೂತು ಉಣ್ಣುವ ಭಾಗ್ಯ ಎಂದರು. ಒಂದು ದಿನ ನನ್ನ ನಾದಿನಿ ಬಂದಾಗ ಇವರು ಮೆಲ್ಲಗೆ ಹೇಳಿದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು.

"ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ ಕಣಮ್ಮ."

ಮಾರನೆಯ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಿಪ್ರೆಶನ್ ಎಂದರು. ಡಾಕ್ಟರು ಮಾತ್ರೆ ಬರೆದು ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ನಮ್ಮ ಮಗಳ ವಯಸ್ಸಿನ ಹುಡುಗಿ. ಬಿಹೇವಿಯರಲ್ ಆಕ್ಟಿವೇಷನ್ ಎಂಬ ಚಿಕಿತ್ಸೆಯಂತೆ. ಮನಸ್ಸು ಬಂದ ಮೇಲೆ ಕೆಲಸ ಎಂದು ಕಾಯಬಾರದು, ಮೊದಲು ಸಣ್ಣದೊಂದು ಕೆಲಸ ಮಾಡಬೇಕು, ಮನಸ್ಸು ನಿಧಾನವಾಗಿ ಅದರ ಹಿಂದೆ ಬರುತ್ತದೆ ಎಂದು ವಿವರಿಸಿದಳು. ಇವರನ್ನೇ ಕೇಳಿ ಕೇಳಿ ಒಂದು ಚಾರ್ಟು ಬರೆದಳು. ಬೆಳಿಗ್ಗೆ ಆರಕ್ಕೆ ಸಂಪಿನ ಮೋಟಾರು ಹಾಕಬೇಕು. ತಾರಸಿಯ ಟ್ಯಾಂಕು ತುಂಬಿದ ಮೇಲೆ ಆರಿಸಬೇಕು. ಆಮೇಲೆ ಹೇಗನ್ನಿಸಿತು ಎಂದು ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಬೇಕು.

ನನಗೆ ಮೈಯೆಲ್ಲ ಉರಿಯಿತು. ಎರಡು ಬಸ್ಸು ಬದಲಾಯಿಸಿ, ಅರ್ಧ ದಿನ ಕ್ಯೂ ನಿಂತು ತಂದ ಔಷಧಿ ಸ್ವಿಚ್ ಒತ್ತುವುದೇ?

ಅದನ್ನೂ ಇವರು ಮಾಡಲಿಲ್ಲ. ಮೊದಲ ದಿನ ಎಬ್ಬಿಸಿ ಎಬ್ಬಿಸಿ ಸಾಕಾಯಿತು. ಆಗಲ್ಲ ಕಣೆ ಎಂದು ಹೊದಿಕೆ ಎಳೆದುಕೊಂಡರು. ಅಷ್ಟರಲ್ಲಿ ಮೇಲಿನ ಮನೆಯ ಮಹಾದೇವಿ ಖಾಲಿ ಬಕೆಟ್ ಹಿಡಿದು ಇಳಿದು ಬಂದಳು. ಕಲಬುರಗಿ ಕಡೆಯವಳು, ಗಾರ್ಮೆಂಟ್ಸ್ ಕೆಲಸದವಳು, ಒಂದು ನಿಮಿಷ ತಡವಾದರೂ ಬಸ್ಸು ತಪ್ಪುತ್ತದೆ. ನಾನೇ ಸ್ವಿಚ್ ಹಾಕಿದೆ. ಮಾರನೆಯ ದಿನವೂ ಹಾಕಿದೆ. ಮೂರನೆಯ ದಿನದಿಂದ ಇವರನ್ನು ಎಬ್ಬಿಸುವ ಗೋಜಿಗೂ ಹೋಗಲಿಲ್ಲ.

ಚಾರ್ಟನ್ನೂ ನಾನೇ ತುಂಬಿದೆ. ಐದು, ಆರು, ಮತ್ತೆ ಐದು. ಅನುಮಾನ ಬರಬಾರದೆಂದು ಒಂದು ದಿನ ನಾಲ್ಕು. ಆ ಹುಡುಗಿಯ ಮುಂದೆ ಇವರ ಮರ್ಯಾದೆ ಹೋಗಬಾರದು ಎಂಬುದು ನೆಪ. ನಾನು ಪಟ್ಟ ಪಾಡು ದಂಡವಾಗಬಾರದು ಎಂಬ ಹಟವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಸಲ ಹೋದಾಗ ಅವಳು ಚಾರ್ಟು ನೋಡಿ ಖುಷಿಪಟ್ಟಳು. ಮೋಟಾರು ಹಾಕುವಾಗ ಹೇಗನ್ನಿಸುತ್ತದೆ ಎಂದು ಇವರನ್ನು ಕೇಳಿದಳು. ಇವರು ತಲೆ ಎತ್ತಲಿಲ್ಲ.

"ನಾನು ಏಳ್ದಿದ್ರೂ ಟ್ಯಾಂಕ್ ತುಂಬ್ತದೆ ಮೇಡಂ. ಮತ್ಯಾಕೆ ಏಳ್ಬೇಕು?"

ನನಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ತಾನು ಇಲ್ಲದಿದ್ದರೂ ಒಂದೇ ಎಂದು ತಂಗಿಗೆ ಹೇಳಿದ ಮಾತು ನಿಜ ಎಂದು ದಿನಾ ಬೆಳಿಗ್ಗೆ ಆರಕ್ಕೆ ತೋರಿಸಿಕೊಟ್ಟವಳು ನಾನೇ. ಅಳು ಬಂತು. ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಹುಡುಗಿ ಬೈಯಲಿಲ್ಲ.

"ಅಮ್ಮಾ, ಇನ್ಮೇಲೆ ನೀವು ಸ್ವಿಚ್ ಮುಟ್ಬೇಡಿ. ನೀರು ತಡ ಆದ್ರೆ ಆಗ್ಲಿ."

ಹೇಳುವುದು ಸುಲಭ. ಹನ್ನೆರಡು ಮನೆಯವರ ಬಾಯಿ ಮುಚ್ಚಿಸುವವರು ಯಾರು? ಆದರೂ ಅಂದು ಸಂಜೆ ಮಹಾದೇವಿಗೆ ಎಲ್ಲ ಹೇಳಿದೆ. ನೀರು ಬರದಿದ್ದರೆ ನನ್ನನ್ನು ಕೇಳಬೇಡ, ಅವರನ್ನೇ ಕೇಳು ಎಂದೆ.

ಬೆಳಿಗ್ಗೆ ಇವರನ್ನು ಒಂದೇ ಸಲ ಎಬ್ಬಿಸಿ ಅಡುಗೆಮನೆಯಲ್ಲಿ ಕೂತೆ. ಆರಾಯಿತು. ಆರೂಕಾಲಾಯಿತು. ಮಹಾದೇವಿ ಬಂದು ಇವರ ಕೋಣೆಯ ಬಾಗಿಲಲ್ಲಿ ನಿಂತಳು.

"ಅಣ್ಣಾರ, ನೀರು ಬರವಲ್ವು. ಡ್ಯೂಟಿಗೆ ಹೊತ್ತಾತ್ರಿ."

ಅವಳು ಕದಲಲಿಲ್ಲ. ನನಗೋ ಎದ್ದು ಹೋಗಿ ಸ್ವಿಚ್ ಹಾಕಿಬಿಡೋಣ ಎಂದು ಕೈ ತುರಿಸುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಮಂಚ ಕಿರುಗುಟ್ಟಿತು. ಇವರು ಲುಂಗಿ ಕಟ್ಟಿಕೊಳ್ಳುತ್ತ ಹೊರಬಂದು, ಯಾರ ಮುಖವನ್ನೂ ನೋಡದೆ ಸ್ವಿಚ್ ಹಾಕಿ, ಹಾಗೇ ಹೋಗಿ ಮಲಗಿಬಿಟ್ಟರು.

ಟ್ಯಾಂಕು ತುಂಬಿತು. ತುಂಬಿ ಹರಿಯತೊಡಗಿತು. ಟ್ಯಾಂಕರಿನಲ್ಲಿ ನೀರು ತರಿಸುವ ಊರಿನಲ್ಲಿ ನೀರು ಗೋಡೆಯುದ್ದಕ್ಕೂ ಇಳಿಯುತ್ತಿತ್ತು. ಸ್ವಿಚ್ಚಿನ ತನಕ ಹೋದ ಕೈಯನ್ನು ಹಿಂದೆ ತೆಗೆದುಕೊಂಡೆ. ಆರಿಸುವುದೂ ಚಾರ್ಟಿನಲ್ಲಿ ಇವರ ಕೆಲಸವೇ. ರೀ, ನೀರು ಹೋಗ್ತಾ ಐತೆ ಎಂದಷ್ಟೇ ಕೂಗಿದೆ.

ದಡಬಡ ಎದ್ದು ಬಂದು ಆರಿಸಿದರು. ಒದ್ದೆ ಗೋಡೆ ನೋಡಿ, ಸದ್ದಿಗೆ ಇಳಿದು ಬಂದಿದ್ದ ಬಾಡಿಗೆಯವರ ಕಡೆಗೂ ನನ್ನ ಕಡೆಗೂ ತಿರುಗಿದರು.

"ಇಷ್ಟು ಜನ ಇದ್ದೀರಾ, ಯಾರಿಗೂ ಕಣ್ಣು ಕಾಣಲ್ವಾ? ಎಲ್ಲಾ ನಾನೇ ನೋಡ್ಬೇಕಾ?"

ಇವರ ದನಿ ಏರಿದ್ದು ಎಷ್ಟು ತಿಂಗಳಾದ ಮೇಲೋ. ಬೈಸಿಕೊಂಡು ನಾನು ಒಳಗೆ ಹೋಗಿ ಅತ್ತೆ. ಆಮೇಲೆ ಚಾರ್ಟು, ಪೆನ್ನು ತಂದು ಮುಂದಿಟ್ಟೆ. ಎರಡು ಎಂದು ಬರೆದರು.

ಇದಾಗಿ ಎರಡು ತಿಂಗಳು. ವಾಸಿಯಾಯಿತು ಎನ್ನಲಾರೆ. ಮಾತ್ರೆ ನಡೆಯುತ್ತಿದೆ. ವಾರದಲ್ಲಿ ಎರಡು ದಿನ ಈಗಲೂ ಹೊತ್ತಿಗೆ ಸರಿಯಾಗಿ ಏಳುವುದಿಲ್ಲ. ಮಹಾದೇವಿ ಗೊಣಗುತ್ತಾಳೆ, ನಾನೂ ಗೊಣಗುತ್ತೇನೆ. ಸ್ವಿಚ್ ಮಾತ್ರ ಮುಟ್ಟುವುದಿಲ್ಲ. ನಿನ್ನೆ ಗಡ್ಡ ತೆಗೆದುಕೊಂಡು ಬಂದು, ತಾವೇ ಚಾರ್ಟು ಎಳೆದುಕೊಂಡು ನಾಲ್ಕು ಎಂದು ಬರೆದರು. ಹಿಂದೊಮ್ಮೆ ಅನುಮಾನ ಬರಬಾರದೆಂದು ನಾನು ಸುಳ್ಳು ಬರೆದಿದ್ದೆನಲ್ಲ, ಅದೇ ನಾಲ್ಕು. ಅವರ ಕೈಯಿಂದ ಅದು ಬರಲು ಇಷ್ಟು ದಿನ ಹಿಡಿಯಿತು.